ಗುಲಾಬಿ ಶರಬತ್ತು ಮತ್ತು ನನ್ನ ತಮ್ಮನ ಕಾಲು

ನನ್ನ ತಮ್ಮನ್ನ ಕೊಯ್ದರ ರಕ್ತ ಬರಂಗಿಲ್ಲ, ಗುಲಾಬಿ ಶರಬತ್ತೇ ಬರ್ತದ ಅಂತ ನಾ ಊರಿಗೆಲ್ಲ ಹೇಳ್ಕೋತ ಬಂದೀನಿ. ಶಹಾಬಾದಿನ್ಯಾಗ ನಮ್ಮಿಬ್ಬರದೂ ಒಂದೇ ಅಂಗಳ. ಅವನ ಬಾಗಲ ಅತ್ತಾಗ, ನಂದು ಇತ್ತಾಗ. ಹೆಂಡತಿ ಹೋದಾಗಿನಿಂದ ಅವನ ಊಟ ನನ್ನ ಮನ್ಯಾಗೇ. ಬ್ಯಾಸಗಿ ಬಂತಂದ್ರ ಊಟನೂ ಬ್ಯಾಡ, ಕೆಂಪು ಬಾಟಲಿ ಒಂದಿದ್ದರ ಸಾಕು. ಬಿಳಿ ಮೀಸಿ ತುದಿ ಸೈತ ಕೆಂಪಗ! ನನ್ನ ಮೊಮ್ಮಕ್ಕಳು ಅಜ್ಜ ಎಲಿ ಅಡಿಕಿ ತಿಂದಾನ ಅಂತ ತಿಳೀತಿದ್ವು.

ಶರಬತ್ತು ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ನಮ್ಮ ಕಡಿ ಬಿಸಲಾಗ ಕಲ್ಲಿನ ಖಣಿಗಿ ಹೋಗಿ ಬಂದವರಿಗೆ ನಿಂಬಿಹಣ್ಣು ಹಿಂಡಿ, ಕಾಮಕಸ್ತೂರಿ ಬೀಜ ಹಾಕಿ ಒಂದು ಗಿಲಾಸ ಕೊಟ್ಟರ ಹೋದ ಜೀವ ತಿರುಗಿ ಬರ್ತದ. ಬಾಜೂ ಮನಿ ಖಾಲಾ ರಂಜಾನಿನ್ಯಾಗ ಹಾಲು ಹಾಕಿ ಮಾಡಿ ಕಳಸ್ತಾಳ, ನಾನೂ ಕುಡೀತೀನಿ. ಆದ್ರ ಅದರಾಗ ಗುಲಾಬಿ ಎಷ್ಟದನೋ ದೇವರಿಗೇ ಗೊತ್ತು; ಸಕ್ಕರಿ ಎಷ್ಟದ ಅಂಬೋದು ಇರುವಿಗೂ ಗೊತ್ತು. ನನ್ನ ತಮ್ಮಗ ಸಕ್ಕರಿ ಬ್ಯಾನಿ.

ಡಾಕ್ಟರ್ ಬಿಡು ಅಂದ್ರು. ಇವ ಏನಂದ? ಸಕ್ಕರಿ ಬ್ಯಾನಿ ಅಂದ್ರ ಮೈಯಾಗಿನ ಕಾವು, ಶರಬತ್ತಂದ್ರ ತಂಪು, ತಂಪು ಒಳಗ ಹೋಗಿ ಕಾವು ಆರಸ್ತದ ಅಂದ. ಗುಳಿಗಿ ಮಾತ್ರ ಒಂದಿನಾನೂ ತಪ್ಪಸ್ತಿರಲಿಲ್ಲ. ಕಹಿ ಅಂತ ಅದನ್ನ ಶರಬತ್ತಿನ್ಯಾಗೇ ನುಂಗ್ತಿದ್ದ! ನಾ ಬಾಟಲಿ ಹಿಟ್ಟಿನ ಡಬ್ಬಿ ಹಿಂದ ಮುಚ್ಚಿಟ್ಟೆ. ಇವ ಖಾಲಾ ಮನಿಗಿ ಹೋಗಿ ಕುಂತು, ಅಕ್ಕ ಕುಡಿಲಿಕ್ಕ ನೀರೂ ಕೊಡವಲ್ಲಳು ಅಂತ ಅತ್ತುಕೊಂಡು ಎರಡು ಗಿಲಾಸ ಕುಡಿದು ಬಂದ.

ಈ ಬ್ಯಾಸಗ್ಯಾಗ ಒಂದಿನ ನಡು ಮಧ್ಯಾಹ್ನ. ನಮ್ಮ ಅಂಗಳ ಪೂರಾ ಫರಸಿ ಕಲ್ಲು ಹಾಸಿದ್ದು. ಆ ಹೊತ್ತಿನ್ಯಾಗ ಬೆಕ್ಕೂ ಅದರ ಮ್ಯಾಲ ಕಾಲಿಡಂಗಿಲ್ಲ. ಇವ ಬರಿಗಾಲಿಲೇ ನಡು ಅಂಗಳದಾಗ ನಿಂತು, ಗಿಲಾಸ ಎತ್ತಿ ನನ್ನ ಕರದ.

"ನೋಡು ಅಕ್ಕ, ಕಾಲು ಸುಡವಲ್ಲದು. ಶರಬತ್ತು ಅಂಗಾಲ ತನಕ ಇಳದದ."

"ಒಳಗ ಬಾರೋ ಹುಚ್ಚಪ್ಪ."

"ನಿನಗ ಹೊಟ್ಟಿಕಿಚ್ಚು."

ಸಂಜಿಗಿ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಾಗ ನೋಡಿದೆ. ಅಂಗಾಲ ತುಂಬ ಬೊಬ್ಬಿ, ಹಪ್ಪಳ ಉಬ್ಬಿದಂಗ. ಬೆರಳಿಲೆ ಒತ್ತಿದೆ. ನೋವೇ ಇಲ್ಲ ಅಂದ, ನಕ್ಕೋತ. ನನಗ ನಗು ಬರಲಿಲ್ಲ.

ಕಲಬುರಗಿ ದವಾಖಾನ್ಯಾಗ ತಿಳಿಸಿ ಹೇಳಿದ್ರು: ಸಕ್ಕರಿ ನರ ತಿಂದದ, ಅದಕ್ಕೇ ಸುಟ್ಟದ್ದು ಗೊತ್ತಾಗಿಲ್ಲ ಅಂತ. ತಂಪೂ ಇಲ್ಲ, ಮಣ್ಣೂ ಇಲ್ಲ. ಒಂದು ಕಾಲಿನ ಗಾಯ ಮಾಯಲೇ ಇಲ್ಲ. ಮೊಣಕಾಲ ಕೆಳಗ ಕೊಯ್ದು ತಗದ್ರು. ರಕ್ತನೇ ಬಂತಂತ.

ಈಗ ನನ್ನ ಕಟ್ಟಿ ಮ್ಯಾಲೇ ಕುಂದರ್ತಾನ. ಶರಬತ್ತು ಕೇಳಂಗಿಲ್ಲ. ಮಜ್ಜಿಗಿ ಕೊಟ್ಟರ ಮಾರಿ ಸೊಟ್ಟ ಮಾಡಿ ಕುಡೀತಾನ. ನಿನ್ನಿ ಬಿಸಲು ಏರಿದಾಗ, ಜೋತುಬಿದ್ದ ಖಾಲಿ ಧೋತರ ನೋಡ್ಕೋತ ಮೆಲ್ಲಕ ಅಂದ:

"ಅಕ್ಕ, ಕಾಲು ಸುಡಲಿಕತ್ತದ."

"ಯಾವ ಕಾಲೋ?"

"ಅದೇ. ಹೋಗಿದ್ದು."

ಬೈಯಲಿಕ್ಕ ಬಾಯಿ ತಗದಾಕಿ ಹಂಗೇ ಎದ್ದೆ. ಒಳಗ ಹೋಗಿ ತಂಬಿಗಿ ತುಂಬ ನೀರು ತಂದೆ. ಅವನ ಕಾಲು ಇರಬೇಕಾಗಿದ್ದ ಜಾಗದಾಗ, ಫರಸಿ ಮ್ಯಾಲ ಸುರದೆ.

"ಈಗ?" ಅಂದೆ.

"ಇನ್ನಾ ಸ್ವಲ್ಪ ಹಾಕು," ಅಂದ.