ಲಾರಿಗೆ ಸೈನ್ಯದಿಂದ ನಿವೃತ್ತಿ, ಮಾಲೀಕನಿಗೆ ಬುದ್ಧಿಯಿಂದ

ಹಳೇ ಮಿಲ್ಟ್ರಿ ಲಾರಿ ಕೊಂಡವನು ತಿಂಗಳೊಳಗೆ ಏನಾದರೊಂದು ಘನಕಾರ್ಯ ಮಾಡಿಕೊಂಡು ನನ್ನ ಗ್ಯಾರೇಜಿಗೆ ಬಂದೇ ಬರುತ್ತಾನೆ. ಒಬ್ಬ ತೊಲಗಿದ ಅಂತ ಕೈ ತೊಳೆಯುವಷ್ಟರಲ್ಲಿ ಇನ್ನೊಬ್ಬ ಹಾರ್ನ್ ಹೊಡೆಯುತ್ತಿರುತ್ತಾನೆ.

ಸೈನ್ಯದಲ್ಲಿ ಹದಿನೇಳು ವರ್ಷ ಈ ಲಾರಿಗಳ ಹೊಟ್ಟೆಯಡಿ ಮಲಗಿ ರಿಪೇರಿ ಮಾಡಿದವನು ನಾನು. ಪಿಂಚಣಿ ಬಂತು, ಹಾಸನದಲ್ಲಿ ಹೊಳೆನರಸೀಪುರ ರಸ್ತೆಯಲ್ಲೊಂದು ಶೆಡ್ಡು ಹಾಕಿಕೊಂಡು ಟ್ರ್ಯಾಕ್ಟರ್ ನೋಡಿಕೊಂಡಿರೋಣ ಅಂದುಕೊಂಡೆ. ನೋಡಿದರೆ, ಹರಾಜಾದ ಮಿಲ್ಟ್ರಿ ಲಾರಿಗಳು ನನಗಿಂತ ಮೊದಲೇ ಜಿಲ್ಲೆಗೆ ಬಂದು ಕೂತಿದ್ದವು. ಲಾರಿಗಳ ಮೇಲೆ ನನಗೆ ದೂರಿಲ್ಲ. ಹಿಮದಲ್ಲಿ ನಿಂತವು, ಬೆಟ್ಟ ಹತ್ತಿದವು, ಯಾವುದಕ್ಕೂ ಬಗ್ಗಲಿಲ್ಲ. ಅವನ್ನು ಸೋಲಿಸಿದವರು ನಮ್ಮ ಕಡೆಯ ಮಾಲೀಕರು.

ನಾಲ್ಕು ಕಾಲು

ಅರಕಲಗೂಡಿನ ಒಬ್ಬ ಶುಂಠಿ ವ್ಯಾಪಾರಿ. ಮಿಲ್ಟ್ರಿ ಲಾರಿಯ ವಿಶೇಷವೇ ಅದರ ಮುಂದಿನ ಚಕ್ರಗಳೂ ಎಳೆಯುತ್ತವೆ ಅನ್ನೋದು. ಈತನಿಗೆ ಅದೇ ಸಂಕಟ.

"ಎಳಿಯಾಕೆ ಇಂದ್ಗಡೆ ಚಕ್ರ ಸಾಕಲ್ವಾ ಸಾ? ಮುಂದಿಂದು ಸುಮ್ಕೆ ಡೀಸೆಲ್ ಕುಡೀತದೆ. ಆ ಶಾಫ್ಟ್ ಬಿಚ್ಚಾಕ್ಬುಡಿ."

"ಬಿಚ್ಚಿದರೆ ಇದು ಮಾಮೂಲಿ ಲಾರಿ ಆಗುತ್ತೆ ಕಣಯ್ಯಾ, ಕೆಸರಲ್ಲಿ ಹೂತುಕೊಳ್ಳುತ್ತೆ" ಅಂದೆ. ನನಗೆ ಕೆಲಸ ಬರಲ್ಲ ಅಂತ ತೀರ್ಮಾನಿಸಿ ಬೇರೆ ಕಡೆ ಬಿಚ್ಚಿಸಿ, ಶಾಫ್ಟನ್ನು ಗುಜರಿಗೆ ಹಾಕಿದ.

ಮೊದಲ ಮಳೆಗೇ ಫೋನು. "ಏನ್ ಸಾ ಇದು ನಿಮ್ ಮಿಲ್ಟ್ರಿ! ಶುಂಠಿ ಒಲ್ದಾಗೆ ಕುಂತ್ಬುಡ್ತಲ್ಲಾ!"

ಹೋಗಿ ನೋಡಿದರೆ ಹಿಂದಿನ ಚಕ್ರ ಅರ್ಧ ನೆಲದೊಳಗೆ. ಮೂಟೆಗಳನ್ನೆಲ್ಲ ಇಳಿಸಿದ ಮೇಲೆ ಪಕ್ಕದ ಹೊಲದ ರೈತ ಎರಡು ಜೋಡಿ ಎತ್ತು ಕಟ್ಟಿ ಲಾರಿಯನ್ನು ಗಟ್ಟಿ ನೆಲಕ್ಕೆ ಎಳೆದುಬಿಟ್ಟ. ವ್ಯಾಪಾರಿ ಬಾಯಿಬಿಟ್ಟುಕೊಂಡು, "ಏನ್ಲಾ ನಿನ್ ಎತ್ತು, ಇಂಗೆ ಎಳುದ್ಬುಟ್ವು!" ಅಂದ.

ರೈತ ನೊಗ ಇಳಿಸುತ್ತಾ ಹೇಳಿದ: "ನಮ್ಮವು ನಾಕು ಕಾಲೂ ಊರ್ತವೆ ಕಣಣ್ಣ. ಮುಂದಿನೆರಡನ್ನ ಗುಜ್ರಿಗೆ ಆಕಿಲ್ಲ."

ಲಾರಿ ಕೆಳಗಿನ ದೇವರು

ಮಿಲ್ಟ್ರಿ ಲಾರಿಯ ಹಿಂದಿನ ಆಕ್ಸಲ್ ನಡುವೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡು ಇರುತ್ತದೆ. ಅದರೊಳಗೆ ಗೇರುಗಳು. ಕತ್ತಲಲ್ಲಿ ಹಿಂದೆ ಬರುವ ಲಾರಿಯವನಿಗೆ ಕಾಣಲೆಂದು ಸೈನ್ಯದಲ್ಲಿ ಆ ಗುಂಡಿಗೆ ಬಿಳಿ ಬಣ್ಣ ಬಳಿದು, ಮೇಲೊಂದು ಪುಟ್ಟ ದೀಪ ಇಟ್ಟಿರುತ್ತಾರೆ.

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬ, ಹಿಂದೆ ಕರಕರ ಶಬ್ದ ಅಂತ ಲಾರಿ ತಂದ. ಕೆಳಗೆ ನುಸುಳಿದೆ. ಬಿಳೀ ಗುಂಡಿನ ಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ನೆತ್ತಿಗೊಂದು ದಾಸವಾಳ. ಎಣ್ಣೆ ತೊಟ್ಟಿಕ್ಕಿ ನನ್ನ ಮೂಗಿನ ಮೇಲೇ ಬಿತ್ತು.

"ಏನಯ್ಯಾ ಇದು?"

"ನಮ್ಮವ್ವ ನೋಡ್ಬುಟ್ಟು, ಮಿಲ್ಟ್ರಿಯೋರು ದ್ಯಾವ್ರು ಮಡಗವ್ರೆ ಅಂದ್ಲು ಸಾ. ಮ್ಯಾಲೆ ದೀಪಾನೂ ಐತಲ್ಲಾ."

ಗುಂಡಿನ ಬಿರಡೆ ಬಿಚ್ಚಿದೆ. ಒಳಗೆ ಒಂದು ತೊಟ್ಟು ಗೇರ್ ಆಯಿಲ್ ಇಲ್ಲ. ಹಲ್ಲುಗಳು ಸವೆದು ಕಾಫಿಪುಡಿಯಂತೆ ಉದುರಿದವು. "ಎಣ್ಣೆ ಯಾವಾಗ ಹಾಕಿಸಿದ್ದೆ?" ಅಂತ ಗದರಿದೆ.

ಅವನಿಗೇ ಸಿಟ್ಟು ಬಂತು. "ಸ್ವಾಮ್ವಾರ ಸ್ವಾಮ್ವಾರ ಪಾವ್ ಪಾವ್ ಉಯ್ತಾ ಇವ್ನಿ ಸಾ! ಅಷ್ಟೂ ಎಣ್ಣೆ ಎಲ್ಲೋಯ್ತು ಅಂತ ಮೊದ್ಲು ಯೋಳಿ!"

ತೂಕ

ಹೊಳೆನರಸೀಪುರದ ನಿವೃತ್ತ ಉಪನ್ಯಾಸಕರು ಓದಿದವರು. ಆದ್ದರಿಂದ ಪೆದ್ದುತನವನ್ನೂ ನಕ್ಷೆ ಬರೆದುಕೊಂಡೇ ಮಾಡಿದರು. ಲಾರಿಯನ್ನು ಓಡಾಡುವ ಮನೆ ಮಾಡಿಸಿದರು. ಸೋಫಾ, ಅಡುಗೆಕಟ್ಟೆ, ಪುಸ್ತಕದ ಕಪಾಟು. ಲಾರಿಯ ಸ್ಪ್ರಿಂಗ್ ಪಟ್ಟಿಗಳು ಟನ್ನುಗಟ್ಟಲೆ ಭಾರಕ್ಕೆ ಮಾಡಿದವು, ಹಗುರವಾದರೆ ಎಗರುತ್ತವೆ ಅಂದೆ. ಕೇಳಲಿಲ್ಲ.

ಶ್ರವಣಬೆಳಗೊಳಕ್ಕೆ ಹೋಗಿ ಬಂದವರು ನೇರ ನನ್ನ ಶೆಡ್ಡಿಗೇ ಬಂದರು. ಅವರ ಹಣೆಯಲ್ಲಿ ಬೋರೆಹಣ್ಣಿನಂಥ ಬುಗುಟು. ಹೆಂಡತಿಯ ಸೀರೆಗೆ ಸಾಂಬಾರು ಅಭಿಷೇಕ ಆಗಿತ್ತು.

"ಪರಿಹಾರ ಏನಪ್ಪಾ?" ಅಂದರು.

"ತೂಕ ಬೇಕು ಸರ್. ನಿಮ್ಮ ಕಡೆಯವರನ್ನೂ ಹತ್ತಿಸಿಕೊಳ್ಳಿ."

ಅಮ್ಮನವರು ಸೆರಗು ಹಿಂಡುತ್ತಾ ಹೇಳಿದರು: "ಇವರ ಕಡೆಯವರಲ್ಲಿ ತೂಕ ಇರೋರು ಯಾರಿದ್ದಾರೆ? ನೀವು ಮರಳಿನ ಮೂಟೆನೇ ಹಾಕ್ಬಿಡಿ."

ಹಸಿರು ಬಣ್ಣ

ಇವರೆಲ್ಲರ ಮೇಲೆ ಒಬ್ಬನಿದ್ದಾನೆ. ನುಗ್ಗೇಹಳ್ಳಿ ಕಡೆಯವನು, ತೋಟಗಳಿಗೆ ಕೋಳಿಗೊಬ್ಬರ ಸಾಗಿಸುವ ಕಂಟ್ರಾಕ್ಟರು. ಅವನಿಗೆ ಲಾರಿಗೆ ಸೈನ್ಯದ ಹಸಿರು ಬಣ್ಣವೇ ಆಗಬೇಕು.

"ಆ ಬಣ್ಣ ಬೇರೆಯವರು ಬಳಿಯೋ ಹಾಗಿಲ್ಲ, ಕಾನೂನಿದೆ" ಅಂದೆ.

"ಪೊಲೀಸ್ನೋರು ತಡಿಯಾಕಿಲ್ಲ ಅಂತಲೇ ಅಲ್ವಾ ಸಾ ಬಳಿಯಾದು!" ಅಂತ ನಕ್ಕ. ಬೇರೆಲ್ಲೋ ಬಳಿಸಿಕೊಂಡ. ಅವನು ಹೇಳಿದ್ದು ನಿಜ, ಯಾರೂ ತಡೆಯಲಿಲ್ಲ.

ಒಂದು ದಿನ ಚನ್ನರಾಯಪಟ್ಟಣದ ಬಳಿ ಹೆದ್ದಾರಿಯಲ್ಲಿ ನಿಜವಾದ ಸೈನ್ಯದ ಲಾರಿಗಳ ಸಾಲು ಬಂತು. ಟ್ರಾಫಿಕ್ ಪೊಲೀಸಿನವನು ಎಲ್ಲ ಗಾಡಿ ನಿಲ್ಲಿಸಿ ಸಾಲಿಗೆ ದಾರಿ ಬಿಡುತ್ತಿದ್ದ. ಟಾರ್ಪಾಲು ಹೊದ್ದ ಈ ಹಸಿರು ಲಾರಿಯನ್ನು ಕಂಡು, ಇದೂ ಅವರದೇ ಅಂತ, "ನಡಿ ನಡಿ" ಎಂದು ಸಾಲಿನ ನಡುವೆ ತೂರಿಸಿಯೇ ಬಿಟ್ಟ. ಮುಂದೆ ಬಂದೂಕು, ಹಿಂದೆ ಬಂದೂಕು. ಲಾರಿಯಲ್ಲಿದ್ದವನು ಡ್ರೈವರ್ ಒಬ್ಬನೇ. ಪಕ್ಕಕ್ಕೆ ತಿರುಗಿಸಲು ಧೈರ್ಯ ಸಾಲದೆ ಹಾಸನದವರೆಗೂ ಶಿಸ್ತಾಗಿ ಬಂದುಬಿಟ್ಟ.

ಅಲ್ಲಿ ವಿಶ್ರಾಂತಿಗೆ ನಿಂತಾಗ ಲೆಕ್ಕದಲ್ಲಿ ಒಂದು ಲಾರಿ ಹೆಚ್ಚು. ಸೈನಿಕನೊಬ್ಬ ಟಾರ್ಪಾಲು ಎತ್ತಿ, ಹಾಗೇ ಮೂಗು ಹಿಡಿದುಕೊಂಡು ಓಡಿದ. ಅಧಿಕಾರಿ ಬಂದು ಹಿಂದಿಯಲ್ಲಿ, ಯಾವ ಯೂನಿಟ್ ನಿನ್ನದು ಅಂತ ಗರ್ಜಿಸಿದರು. ಲುಂಗಿ ಇಳಿಬಿಟ್ಟು ನಿಂತ ಡ್ರೈವರಿಗೆ ಅರ್ಥವಾದದ್ದು ಒಂದೇ ಮಾತು.

"ತ್ವಾಟುಕ್ಕೆ ಫ್ರೀ ಕರೆಂಟು ಸಾ! ಯೂನಿಟ್ ಲೆಕ್ಕ ಇಲ್ಲ!"

ಸುದ್ದಿ ತಿಳಿದು ಅಲ್ಲಿಗೆ ಓಡಿಬಂದ ಕಂಟ್ರಾಕ್ಟರು ಅಳುತ್ತಾ ನನಗೆ ಫೋನ್ ಮಾಡಿದ. ಹೋಗಿ ಸಲ್ಯೂಟ್ ಹೊಡೆದು, ಇವನು ದೇಶದ್ರೋಹಿಯಲ್ಲ ಸಾಹೇಬ್, ಬರೀ ಮೂರ್ಖ ಅಂತ ಹಿಂದಿಯಲ್ಲಿ ವಿವರಿಸಿದೆ. ಅಧಿಕಾರಿ ಕರವಸ್ತ್ರದೊಳಗಿಂದಲೇ ತೀರ್ಪು ಕೊಟ್ಟರು: ಬಣ್ಣ ಪೂರ್ತಿ ಕೆರೆಯುವವರೆಗೆ ಲಾರಿ ಕದಲಕೂಡದು. ಬಿಳೀ ಪಂಚೆಯ ಕಂಟ್ರಾಕ್ಟರು ಉರಿಬಿಸಿಲಲ್ಲಿ ಕೂತು ಕೆರೆದ. ಗೊಬ್ಬರದ ನೊಣಗಳು ಅವನಿಗೆ ಜೊತೆ ಕೊಟ್ಟವು.

ಮುಂದಿನ ವಾರ ಶೆಡ್ಡಿಗೆ ಬಂದ. ಕೈ ತುಂಬ ಬೊಬ್ಬೆ, ಮುಖ ತಗ್ಗಿಸಿದ್ದ. "ಬುದ್ಧಿ ಬಂತು ಸಾ. ಹಸುರು ಬಣ್ಣ ಇನ್ ಈ ಜಲ್ಮದಾಗೆ ಮುಟ್ಟಾಕಿಲ್ಲ." ನನಗೂ ಪಾಪ ಅನ್ನಿಸಿ ಕಾಫಿ ತರಿಸಿದೆ.

ಕಾಫಿ ಕುಡಿದು, ಸ್ಟೂಲು ಹತ್ತಿರ ಎಳೆದುಕೊಂಡು, ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ:

"ಸಾ, ಸಮುದ್ರದ ಮಿಲ್ಟ್ರಿಯೋರು ಲಾರಿಗೆ ಯಾವ ಬಣ್ಣ ಬಳೀತಾರೆ? ಅವ್ರು ನುಗ್ಗೇಹಳ್ಳಿ ಕಡೀಕೆ ಬರಾಕಿಲ್ವಲ್ಲಾ?"