ಗಂಡನಿದ್ದಾನೆ ಎಂದು ನಂಬಿಸುವ ಕಷ್ಟ

ಐವತ್ತು ದಾಟಿದ ಮೇಲೆ ಮದುವೆಯಾದ ಹೆಂಗಸಿಗೆ, ಅದರಲ್ಲೂ ಗಂಡ ಅಮೆರಿಕಾದವನಾಗಿ ತಾನು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಉಳಿದುಬಿಟ್ಟವಳಿಗೆ, ನಗೆಪಾಟಲಾಗುವ ಸಂದರ್ಭಗಳಿಗೇನೂ ಬರವಿಲ್ಲ. ದಿನ ಬೆಳಗಾದರೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಾನು ಸಾದಲಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಸೂಜಿ ಹಾಕುವುದು, ಹೆರಿಗೆ ಮಾಡಿಸುವುದು, ಗದರುವುದು ನನಗೆ ಚೆನ್ನಾಗಿ ಬರುತ್ತವೆ. ಕಾಯುವುದು ಮಾತ್ರ ಬರುತ್ತಿರಲಿಲ್ಲ. ಅದನ್ನು ವೀಸಾ ಕಲಿಸಿತು. ಕಲಿಯುವಾಗ ನಡೆದವುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

೧. ಐದನೇ ಸೂಜಿ

ನಮ್ಮ ಯಜಮಾನರು ಅಮೆರಿಕಾದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನನ್ನ ಹಾಗೆಯೇ ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವರಲ್ಲ. ನಲವತ್ತು ವರ್ಷ ಪುಸ್ತಕದಲ್ಲಿ ತೋರಿಸಿದ ರೇಷ್ಮೆ ಹುಳುವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಶಿಡ್ಲಘಟ್ಟಕ್ಕೆ ಬಂದು ಲಾಡ್ಜಿನಲ್ಲಿ ಇಳಿದಿದ್ದರು. ನಮ್ಮೂರಿನ ಒಂದು ಹುಳುಮನೆಯ ಬಾಗಿಲಿಗೆ ಬಂದಾಗ ಆ ಮನೆಯ ನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತು. ನಾಯಿ ಕಚ್ಚಿದರೆ ಐದು ಸೂಜಿ, ಒಂದು ತಿಂಗಳಲ್ಲಿ ಬಿಟ್ಟು ಬಿಟ್ಟು ಹಾಕಬೇಕು. ಹಾಕಿದವಳು ನಾನು.

ಮೊದಲನೇ ಸೂಜಿಗೆ ಮುಖ ಕಿವುಚಿದರು. ಎರಡನೆಯದಕ್ಕೆ ಹೆಸರು ಕೇಳಿದರು. ಮೂರನೆಯದಕ್ಕೆ ಹಿಪ್ಪುನೇರಳೆ ಹಣ್ಣು ತಂದರು. ಐದನೆಯದು ಮುಗಿದಾಗ, “ಆರನೆಯದು ಇಲ್ಲವಾ?” ಅಂತ ಬೇಜಾರಿನಲ್ಲಿ ಕೇಳಿದರು.

“ಇಲ್ಲ. ಬೇಕಾದ್ರೆ ಇನ್ನೊಂದ್ಸಲ ಕಚ್ಚಿಸ್ಕೊಂಡು ಬನ್ನಿ” ಅಂದೆ.

ಮಾರನೇ ದಿನ ಆ ನಾಯಿಯ ಮನೆಯಾಕೆ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬಂದಳು. “ಅಮ್ಮಾ, ಆ ಬಿಳೀ ಯಪ್ಪ ಬೆಳಿಗ್ಗೆಯಿಂದ ನಮ್ ನಾಯಿ ಮುಂದೆ ಕಾಲು ಚಾಚ್ಕೊಂಡು ನಿಂತವ್ನೆ. ನಾಯಿ ಹೆದ್ರಿ ಮಂಚದ ಕೆಳಗೆ ಸೇರ್ಕೊಂಡದೆ. ಏನಾದ್ರೂ ಮಾಡಮ್ಮ!”

ಏನಾದರೂ ಮಾಡಲೇಬೇಕಾಯಿತು. ಮುಂದಿನ ವರ್ಷ ಮದುವೆಯಾದೆ.

೨. ದಾರಿಗಳು

ಮದುವೆಯಾದ ಮೇಲೆ ಅವರು ಇಲ್ಲೇ ಇರುವುದು ಅಂತ ಮಾತಾಗಿತ್ತು. ಒಂದು ಚಳಿಗಾಲ ಪೂರ್ತಿ ನನ್ನ ಕ್ವಾರ್ಟರ್ಸಿನಲ್ಲಿದ್ದು, ರಾಗಿ ಮುದ್ದೆ ನುಂಗುವುದನ್ನು ಕಲಿತು, ಅಲ್ಲಿಯ ಮನೆ ಮಾರಿ ಬರುತ್ತೇನೆ ಅಂತ ಹೋದರು. ಹೋದವರಿಗೆ ಅಲ್ಲಿ ಹೃದಯ ಕೈಕೊಟ್ಟಿತು, ಕಾಲು ಬಾತುಕೊಂಡಿತು. ಇನ್ನು ವಿಮಾನ ಹತ್ತುವ ಹಾಗಿಲ್ಲ ಅಂದುಬಿಟ್ಟರು ಡಾಕ್ಟರು. ಇವರಿಗೆ ಒಬ್ಬಳು ತಂಗಿ ಇದ್ದಾಳೆ, ಅವಳಿರುವುದು ಬೇರೆ ಊರಿನಲ್ಲಿ. ಇಡೀ ಹೋಬಳಿಯ ಮುದುಕರ ಬಾತ ಕಾಲು ಒತ್ತಿ ನೋಡಿದವಳು ನಾನು; ನನ್ನ ಗಂಡನ ಕಾಲು ಒತ್ತಿ ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ನಾನು ಹೋಗಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಚಿಕ್ಕಬಳ್ಳಾಪುರದಲ್ಲಿ ಮೊಬೈಲ್ ಅಂಗಡಿಯ ಮಹಡಿ ಮೇಲೆ ಒಬ್ಬ ವೀಸಾ ಸಲಹೆಗಾರ ಇದ್ದ. ಮದುವೆ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ನಿಟ್ಟುಸಿರು ಬಿಟ್ಟ.

“ತಾಳಿ ಎಲ್ಲಿ ಮೇಡಂ?”

“ನಾವು ಬೌದ್ಧರು. ತಾಳಿ ಕಟ್ಟಲ್ಲ. ಬುದ್ಧನ ಮುಂದೆ ನಿಂತು ಮಾತು ಕೊಡ್ತೀವಿ.”

“ಹೋಮ? ಅಗ್ನಿ?”

“ಅದೂ ಇಲ್ಲ. ಊಟ ಇತ್ತು.”

“ಸಾಹೇಬರು ಒಪ್ಪಲ್ಲ ಮೇಡಂ. ಇಂಡಿಯನ್ ಮದುವೆ ಅಂದ್ರೆ ಹೊಗೆ ಇರ್ಬೇಕು ಅಂತ ಅವರ ತಲೇಲಿ ಕೂತ್ಬಿಟ್ಟಿದೆ. ಗೌರಿಬಿದನೂರು ರೋಡಲ್ಲಿ ನಮ್ಮೋರದೇ ಒಂದು ಚೌಲ್ಟ್ರಿ ಐತೆ. ಯಾರದಾದ್ರೂ ಮುಹೂರ್ತ ಮುಗಿದ ತಕ್ಷಣ ಹತ್ತು ನಿಮಿಷ ಮಂಟಪ ಬಿಡಿಸಿಕೊಡ್ತೀನಿ. ಕೂತು ಫೋಟೋ ತಗಸ್ಕೊಳ್ಳಿ.”

“ಗಂಡ ಅಮೆರಿಕಾದಲ್ಲಿದ್ದಾರಲ್ಲಪ್ಪ?”

“ಫೋಟೋಶಾಪ್ ಮಾಡಣ.”

ನಮ್ಮಪ್ಪ ಆ ಹೊಗೆಯನ್ನು ಬಿಟ್ಟು ಹೊರಗೆ ಬಂದು ಬೌದ್ಧರಾಗುವುದಕ್ಕೆ ಎಷ್ಟು ಅವಮಾನ ನುಂಗಿದ್ದರು ಅನ್ನುವುದು ಈತನಿಗೆ ಎಲ್ಲಿ ಗೊತ್ತು? ಕೋಪ ನೆತ್ತಿಗೇರಿತು. ಬೇರೆ ದಾರಿ ಹೇಳು ಅಂದೆ. ಬೆರಳು ಮಡಚಿ ಹೇಳಿದ. ಹೆಂಡತಿಯಾಗಿ ಹೋಗುವ ದಾರಿ ಒಂದು, ಅದು ನಿಧಾನ. ಪ್ರವಾಸಿಯಾಗಿ ಹೋಗುವ ದಾರಿ ಒಂದು, ಅದು ಅದೃಷ್ಟ. ಮದುವೆ ನಿಶ್ಚಯವಾದ ಹುಡುಗಿಯಾಗಿ ಹೋಗಿ ಅಲ್ಲಿ ಮದುವೆಯಾಗುವ ದಾರಿ ಇನ್ನೊಂದು, ಅದು ಸ್ವಲ್ಪ ಬೇಗ.

“ನೀವು ಅವಸರ ಬಿದ್ದು ಮದುವೆ ಆಗ್ಬಿಟ್ರಿ ಮೇಡಂ” ಅಂತ ಬೈದ. “ಒಂದ್ ಕೆಲ್ಸ ಮಾಡಿ. ಡೈವೋರ್ಸ್ ತಗೊಂಡ್ಬಿಡಿ. ಮತ್ತೆ ನಿಶ್ಚಿತಾರ್ಥ ಮಾಡ್ಕೊಂಡು ಹೋಗಿ.”

“ಡೈವೋರ್ಸು ಬೇಗ ಸಿಗುತ್ತಾ?”

ಮತ್ತೆ ಬೆರಳು ಮಡಚಿ ಲೆಕ್ಕ ಹಾಕಿದ. “ಇಲ್ಲ ಮೇಡಂ, ಅದಕ್ಕಿಂತ ವೀಸಾನೇ ಬೇಗ.”

೩. ಎರಡು ಕಿಟಕಿ

ಯಜಮಾನರು ಅಲ್ಲಿಂದ ಹೆಂಡತಿಯ ಅರ್ಜಿ ಹಾಕಿದರು. ಅದು ಸಾಲಿನಲ್ಲಿ ಕೂತಿತು. ಅಷ್ಟರಲ್ಲಿ ಒಮ್ಮೆ ನೋಡಿಯಾದರೂ ಬರೋಣ ಅಂತ ನಾನು ಪ್ರವಾಸಿ ವೀಸಾ ಕೇಳುವುದಕ್ಕೆ ಚೆನ್ನೈಗೆ ಹೋದೆ. ಕಿಟಕಿಯ ಆಚೆ ನನ್ನ ಅಣ್ಣನ ಮಗಳ ವಯಸ್ಸಿನ ಅಧಿಕಾರಿ, ನಗುಮುಖದ ಹುಡುಗಿ.

“ಯಾಕೆ ಹೋಗ್ತಿದೀರಿ?”

“ಗಂಡನಿಗೆ ಹುಷಾರಿಲ್ಲ. ನೋಡ್ಕೊಳ್ಳೋಕೆ.”

“ವಾಪಸ್ ಬರ್ತೀರಾ?”

“ಬರ್ತೀನಿ. ಸರ್ಕಾರಿ ಕೆಲಸ, ಪಿಂಚಣಿ ಎಲ್ಲಾ ಇಲ್ಲೇ ಇದೆ.”

“ಅವರಿಗೆ ಹುಷಾರಾಗದೆ ಇದ್ರೆ?”

ಅಲ್ಲಿ ಒಂದು ಸುಳ್ಳು ಹೇಳಿದ್ದರೆ ಸಾಕಾಗಿತ್ತು. ಮಕ್ಕಳಿಗೆ ದಿನಾ “ನೋವಾಗಲ್ಲ ಕಣಪ್ಪ” ಅಂತ ಸುಳ್ಳು ಹೇಳುವ ಬಾಯಿ ಅವತ್ತು ಏಳಲೇ ಇಲ್ಲ. “ಹಂಗೆ ಬಿಟ್ಟು ಹೆಂಗೆ ಬರ್ಲಿ?” ಅಂದೆ. ಗಂಡನನ್ನು ಬಿಟ್ಟು ಬರುವವಳಲ್ಲ ಅಂತ ತೀರ್ಮಾನಿಸಿ, ಅದೇ ನಗುಮುಖದಲ್ಲಿ ವೀಸಾ ಕೊಡದೆ ವಾಪಸು ಕಳಿಸಿದಳು.

ಊರಿಗೆ ಬಂದು ಇನ್ನೂ ಬ್ಯಾಗು ಬಿಚ್ಚಿರಲಿಲ್ಲ, ಅಮೆರಿಕಾದಿಂದ ಫೋನು. ಹೆಂಡತಿಯ ಅರ್ಜಿ ನೋಡುವ ಕಚೇರಿಯವರು ಅವರಿಗೆ ಪತ್ರ ಬರೆದಿದ್ದರು. ಈ ವಯಸ್ಸಿನಲ್ಲಿ ಮದುವೆ, ಜೊತೆಗಿದ್ದದ್ದು ಕೆಲವೇ ತಿಂಗಳು, ಆದ್ದರಿಂದ ಇದು ನಿಜವಾದ ದಾಂಪತ್ಯ ಅನ್ನುವುದಕ್ಕೆ ಇನ್ನಷ್ಟು ಪುರಾವೆ ಕೊಡಿ ಅಂತ. ಒಬ್ಬರ ಪ್ರಕಾರ ನಾನು ಗಂಡನಿಗೆ ಅಂಟಿಕೊಂಡುಬಿಡುವವಳು, ಇನ್ನೊಬ್ಬರ ಪ್ರಕಾರ ಅವರು ನನ್ನ ಗಂಡನೋ ಅಲ್ಲವೋ ಗೊತ್ತಿಲ್ಲ.

“ಆ ಎರಡೂ ಕಚೇರಿಗೆ ಒಂದು ಮದುವೆ ಮಾಡಿಸ್ಬೇಕು” ಅಂದರು ಯಜಮಾನರು. “ಆಗಲಾದ್ರೂ ಒಬ್ಬರ ಜೊತೆ ಒಬ್ಬರು ಮಾತಾಡ್ತಾರೆ.”

“ಮದುವೆ ಆದ್ರೆ ಇರೋ ಮಾತೂ ನಿಂತೋಗುತ್ತೆ ಕಣ್ರೀ” ಅಂದೆ.

೪. ಪಕ್ಕದ ಮನೆಯವಳ ಸಾಕ್ಷಿ

ಪುರಾವೆಗೆ ನೆರೆಹೊರೆಯವರ ಹೇಳಿಕೆಯೂ ಬೇಕಂತೆ. ಪಕ್ಕದ ಮನೆಯಾಕೆಯನ್ನು ಶಿಡ್ಲಘಟ್ಟದ ನೋಟರಿ ಹತ್ತಿರ ಕರೆದುಕೊಂಡು ಹೋದೆ. ಆಕೆ ಚಿಂತಾಮಣಿಯಿಂದಾಚೆಯವಳು, ಮನೆಮಾತು ತೆಲುಗು. ನೋಟರಿ ಕನ್ನಡಕ ಏರಿಸಿಕೊಂಡು ಕೇಳಿದರು.

“ಇವರು ಗಂಡ ಹೆಂಡ್ತಿ ಅನ್ನೋದು ನಿಮಗೆ ಹೆಂಗೆ ಗೊತ್ತು?”

“ಹೆಂಗೆ ಗೊತ್ತು ಅಂದ್ರೆ? ಪೊದ್ದುನ್ನೇ ಸುರು ಸ್ವಾಮಿ, ಕೋಳಿ ಕೂಗೋ ಹೊತ್ಗೆ! ಫೋನಲ್ಲಿ ಇವಮ್ಮ ಇಂಗ್ಲಿಷ್ನಲ್ಲಿ ಬೈತಾಳೆ, ಆ ಯಪ್ಪ ಅಲ್ಲಿಂದ ಕನ್ನಡದಲ್ಲಿ ಬೈಯಿಸ್ಕೊಂತಾನೆ. ನಮ್ ರೇಷ್ಮೆ ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಿರ್ತಾವೆ, ಆವಾಗ ಮನೇಲಿ ಸದ್ದು ಮಾಡ್ಬಾರ್ದು. ಇವರದು ನಿಲ್ಲೋದೇ ಇಲ್ಲ.”

ಬೈಗುಳ ಏತಕ್ಕೆ ಅಂದರೆ, ಫೋನಿನ ವಿಡಿಯೋದಲ್ಲೇ ನಾನು ಅವರ ಕಾಲು ನೋಡಬೇಕಿತ್ತು. “ಬೆರಳಿಂದ ಒತ್ತಿ. ಇನ್ನೂ ಒತ್ತಿ. ಗುಳಿ ಬಿತ್ತಾ? ಎಷ್ಟು ಹೊತ್ತಿಗೆ ತುಂಬ್ಕೊಂತು?” ಅಂತ ಕೇಳುತ್ತಿದ್ದೆ. ಗುಳಿ ದಿನದಿಂದ ದಿನಕ್ಕೆ ಆಳವಾಗುತ್ತಿತ್ತು. ಹಿಂದೆ ಮೇಜಿನ ಮೇಲೆ ಉಪ್ಪುಪ್ಪಾದ ಚಿಪ್ಸಿನ ಪೊಟ್ಟಣ ಕಾಣಿಸುತ್ತಿತ್ತು. ಕೈಗೆ ಸಿಕ್ಕಿದ್ದರೆ ಕಿತ್ತು ಬಿಸಾಕುತ್ತಿದ್ದೆ. ಸಿಗುತ್ತಿರಲಿಲ್ಲ, ಅದಕ್ಕೇ ಕಿರುಚುತ್ತಿದ್ದೆ.

ನೋಟರಿ ಬರೆಯುವುದನ್ನು ನಿಲ್ಲಿಸಿ, “ಇದನ್ನೆಲ್ಲಾ ಹಾಕಿದ್ರೆ ಕೇಸಿಗೆ ತೊಂದ್ರೆ ಆಗುತ್ತೇನೋ. ಅನ್ಯೋನ್ಯವಾಗಿದ್ದಾರೆ ಅಂತ ಬರೀಲಾ?” ಅಂದರು.

ಪಕ್ಕದ ಮನೆಯಾಕೆಗೆ ರೇಗಿಹೋಯಿತು. “ಅನ್ಯೋನ್ಯವಾಗಿದ್ರೆ ಗಂಡ ಹೆಂಡ್ತಿ ಅಂತ ಯಾರು ನಂಬ್ತಾರೆ ಸ್ವಾಮಿ? ಜಗಳ ಅಂತ್ಲೇ ಬರೀರಿ!”

೫. ಹಾಡು

ಅವರೆಕಾಯಿ ಕಾಲದಲ್ಲಿ ಯಜಮಾನರು ಹೋಗಿಬಿಟ್ಟರು. ನಾನು ಲಸಿಕೆ ಹಾಕುತ್ತಾ ಕೂತಿದ್ದಾಗ ಅವರ ತಂಗಿ ಫೋನು ಮಾಡಿ ಹೇಳಿದಳು. ಕೈಯಲ್ಲಿದ್ದ ಮಗುವಿಗೆ ಸೂಜಿ ಹಾಕಿ ಮುಗಿಸಿ, ತಾಯಿಯ ಕೈಗೆ ಹತ್ತಿ ಕೊಟ್ಟು ಹೊರಗೆ ಬಂದೆ. ನಿದ್ದೆಯಲ್ಲಿ ಹೋದರಂತೆ. ಹತ್ತಿರ ಯಾರೂ ಇರಲಿಲ್ಲವಂತೆ.

ಅಲ್ಲಿನ ಚರ್ಚಿನಲ್ಲಿ ಕಾರ್ಯ. ತಂಗಿ ತನ್ನ ಫೋನನ್ನು ಚರ್ಚಿನ ಸ್ಪೀಕರಿಗೆ ಜೋಡಿಸಿ, ಕೊನೆಯಲ್ಲಿ ನೀನೂ ನಾಲ್ಕು ಮಾತು ಹೇಳು ಅಂದಿದ್ದಳು. ನನ್ನ ಫೋನನ್ನು ನಮ್ಮಣ್ಣನ ಮನೆಯ ಟಿವಿಗೆ ಜೋಡಿಸಿಕೊಂಡು ನಾವೆಲ್ಲ ಮುಂದೆ ಕೂತೆವು. ಅಲ್ಲಿ ಎಲ್ಲರೂ ಕರೀ ಬಟ್ಟೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ನಮ್ಮ ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿ, “ಇದೇನೇ ಇದು, ಸತ್ತೋನಿಗೆ ಅಳೋರೇ ಗತಿ ಇಲ್ವಾ?” ಅಂದವಳೇ ಶುರುಮಾಡಿದಳು. ಸತ್ತವರ ಗುಣ, ಬಂದದ್ದು, ಬಾಳಿದ್ದು ಎಲ್ಲವನ್ನೂ ರಾಗವಾಗಿ ಹೇಳಿಕೊಂಡು ಅಳುವುದರಲ್ಲಿ ಅವಳಿಗೆ ಸುತ್ತ ಹತ್ತೂರಲ್ಲಿ ಸಮ ಇಲ್ಲ.

“ನಾಯಿ ಕಚ್ಚಿಸ್ಕೊಂಡು ಬಂದ್ಯಲ್ಲೋ ನನ್ನಪ್ಪಾ... ನಮ್ ಹುಡುಗೀನ ಕರಕೊಂತೀನಿ ಅಂದು ಒಬ್ನೇ ಹೋದ್ಯಲ್ಲೋ ನನ್ನಪ್ಪಾ...”

ಚರ್ಚು ಪೂರ್ತಿ ಮೊಳಗಿತು. ಪಾದ್ರಿ ಮಾತು ನಿಲ್ಲಿಸಿದರು. ನಾನು ನಮ್ಮ ಕಡೆಯ ದನಿ ಆರಿಸುವುದಕ್ಕೆ ಗುಂಡಿ ಹುಡುಕುತ್ತಿದ್ದೆ, ಕಣ್ಣೀರಲ್ಲಿ ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಅಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು ತಲೆ ಬಾಗಿಸಿದರು. ಅದನ್ನು ಕಂಡು ಚಿಕ್ಕಮ್ಮನಿಗೆ ಹುಮ್ಮಸ್ಸು ಬಂತು. ಹುಳುಮನೆ, ಮುದ್ದೆ, ಚಿಪ್ಸು ಒಂದನ್ನೂ ಬಿಡಲಿಲ್ಲ. ಅವಳು ಮುಗಿಸುವವರೆಗೂ ಯಾರೂ ಕೂರಲಿಲ್ಲ.

ವಾರ ಕಳೆದ ಮೇಲೆ ತಂಗಿಯಿಂದ ಸಂದೇಶ ಬಂತು. ಅಣ್ಣನ ಸಾವಿನಲ್ಲಿ ಅಷ್ಟು ಪವಿತ್ರವಾದದ್ದು ಬೇರೇನೂ ಇರಲಿಲ್ಲ, ಆ ಬೌದ್ಧ ಪ್ರಾರ್ಥನೆಯ ಅರ್ಥ ಕಳಿಸುತ್ತೀಯಾ, ಚರ್ಚಿನವರು ಕೇಳುತ್ತಿದ್ದಾರೆ ಅಂತ.

“ಅದು ಒಂದು ನಾಯಿಯ ವಿಷಯ” ಅಂತ ಬರೆದೆ.

೬. ಕೊನೆಯ ಪ್ರಶ್ನೆ

ತಿಂಗಳು ತುಂಬುವ ಮೊದಲೇ ಚಿಕ್ಕಬಳ್ಳಾಪುರದ ಸಲಹೆಗಾರ ಫೋನು ಮಾಡಿದ. “ಮೇಡಂ, ಒಳ್ಳೇ ಸುದ್ದಿ! ಅಮೆರಿಕಾದ ಗಂಡ ತೀರ್ಕೊಂಡ್ರೂ ಹೆಂಡ್ತಿಗೆ ದಾರಿ ಐತಂತೆ. ಅದೇ ಅರ್ಜಿ ತಾನಾಗೇ ವಿಧವೆ ಅರ್ಜಿ ಆಗುತ್ತೆ. ಈಗ ನಿಮ್ ಕೇಸು ಗಟ್ಟಿ ಆಯ್ತು.” ಅಂದಮೇಲೆ ತಾನು ಹೇಳಿದ್ದು ಏನು ಅಂತ ಅವನಿಗೇ ತಿಳಿದು ಫೋನು ಇಟ್ಟುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಹೆಂಡತಿಯಾಗಿದ್ದಾಗ ಮಿಸುಕಾಡದ ಫೈಲು ವಿಧವೆಯಾದ ಮೇಲೆ ಎದ್ದು ನಡೆಯಿತು. ನಮ್ಮ ದಾಂಪತ್ಯ ನಿಜವಾದದ್ದು ಅಂತ ಒಪ್ಪಿಕೊಂಡು ಪತ್ರವೂ ಬಂತು. ಆ ಪತ್ರವನ್ನು ಯಾರಿಗೆ ಓದಿ ಹೇಳಲಿ? ಹರಿದು ಹಾಕಬೇಕು ಅಂದುಕೊಂಡೆ. ಆದರೆ ಅವರ ಬೂದಿಯನ್ನು ತಂಗಿ ಒಂದು ಜಾಡಿಯಲ್ಲಿ ಇಟ್ಟುಕೊಂಡು, ನೀನೇ ಬಂದು ಕೈಯಾರೆ ತಗೊಂಡು ಹೋಗು ಅಂತ ಕಾಯುತ್ತಿದ್ದಳು. ಅವರು ಒಬ್ಬರೇ ಇದ್ದದ್ದು ಸಾಕು ಅನ್ನಿಸಿ, ಹೆಂಡತಿಯಾಗಿ ಸಿಗದ ವೀಸಾವನ್ನು ವಿಧವೆಯಾಗಿ ಕೇಳುವುದಕ್ಕೆ ಮುಂಬೈಗೆ ಹೋದೆ.

ಈ ಸಲ ಕಿಟಕಿಯ ಆಚೆ ವಯಸ್ಸಾದ ಅಧಿಕಾರಿ, ಮೆತ್ತಗಿನ ದನಿ. ಪಕ್ಕದಲ್ಲಿ ನನ್ನ ಕನ್ನಡವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಒಬ್ಬಳು ದುಭಾಷಿ. ನನಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅವತ್ತು ಅದರಲ್ಲಿ ಮಾತಾಡುವ ಮನಸ್ಸಿರಲಿಲ್ಲ. ಅಧಿಕಾರಿ ಕಾಗದಗಳನ್ನು ತಿರುವಿ, ಎಲ್ಲಾ ಸರಿಯಾಗಿದೆ, ಕೇಳಲೇಬೇಕಾದ ಪ್ರಶ್ನೆ ಇನ್ನೊಂದೇ ಇದೆ ಅಂದರು. ಗಂಡ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗಿದ್ದೀರಾ? ಆಗಿದ್ದರೆ ಈ ವೀಸಾ ಕೊಡುವ ಹಾಗಿಲ್ಲ.

ನಾನು ಅವರ ಮುಖವನ್ನೇ ನೋಡಿಕೊಂಡು ಹೇಳಿದೆ: “ಸ್ವಾಮಿ, ಒಂದು ಮದುವೆ ಆಗಿದೆ ಅಂತ ನಿಮಗೆ ನಂಬಿಸೋ ಅಷ್ಟರಲ್ಲಿ ಅವರ ಆಯಸ್ಸೇ ಮುಗಿದೋಯ್ತು. ಇನ್ನೊಂದು ಆಗಿದೆ ಅಂತ ನಂಬಿಸೋಕೆ ನನ್ನ ಆಯಸ್ಸು ಎಲ್ಲಿ ಸಾಲುತ್ತೆ?”

ದುಭಾಷಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು:

“ಇಲ್ಲ ಅಂತಿದಾರೆ, ಸರ್.”