ನಕ್ಷೆಯ ಮೇಲಿನ ಧೂಳು

ಅಂದು ಬೆಳಿಗ್ಗೆ ವಾಚನಾಲಯದ ಗೋಡೆಯ ಮೇಲಿದ್ದ ಯುದ್ಧದ ನಕ್ಷೆಯ ಧೂಳು ಕೊಡವಬೇಕೆಂದು ಗುಂಡುಸೂಜಿಗೆ ಅನ್ನಿಸದೇ ಇದ್ದಿದ್ದರೆ ಅವನ ಭಾಮೈದ ಸಮುದ್ರಕ್ಕೆ ಬೀಳುತ್ತಿರಲಿಲ್ಲ.

ಗುಂಡುಸೂಜಿ ಎಂಬುದು ಊರವರು ಇಟ್ಟ ಹೆಸರು. ಕಡ್ಡಿಯಂಥ ಮೈ, ಅದರ ತುದಿಗೆ ಗುಂಡಗೆ ಒಂದು ತಲೆ. ಸಾಲದ್ದಕ್ಕೆ ದಿನಾ ಬೆಳಿಗ್ಗೆ ನಕ್ಷೆಯ ಮೇಲೆ ಬಣ್ಣಬಣ್ಣದ ಗುಂಡುಸೂಜಿ ಚುಚ್ಚುವುದೇ ಕೆಲಸ. ಹೆಸರು ಅಂಟಿಕೊಳ್ಳಲು ಇನ್ನೇನು ಬೇಕು? ವಾಚನಾಲಯದಲ್ಲಿ ಅವನು ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ಸಹಾಯಕ. ಅವನು ಸೇರಿದ ಮೇಲೆ ತಂದ ಕುರ್ಚಿಗಳು ಮುರಿದು, ಅವುಗಳ ಜಾಗಕ್ಕೆ ಬಂದವೂ ಮುರಿದುಹೋಗಿದ್ದವು. ಅವನು ಮಾತ್ರ ತಾತ್ಕಾಲಿಕವಾಗಿಯೇ ಗಟ್ಟಿಯಾಗಿದ್ದ. ಅವನನ್ನು ಕಾಯಂ ಮಾಡುವ ವಿಷಯ ಅಂದು ಸಂಜೆ ಐದಕ್ಕೆ ಸಮಿತಿಯ ಮುಂದೆ ಬರುವುದಿತ್ತು.

"ಇವತ್ತಾದ್ರೂ ಆಗುತ್ತೇನ್ರೀ?" ಎಂದು ಹೆಂಡತಿ ಬಾಗಿಲವರೆಗೂ ಬಂದು ಕೇಳಿದ್ದಳು.

"ಇವತ್ತು ಆಗದೆ ಇನ್ಯಾವತ್ತು!" ಎಂದು ಇಲ್ಲದ ಎದೆಯನ್ನು ಉಬ್ಬಿಸಿಕೊಂಡು ಬಂದಿದ್ದ.

ಸಮಿತಿಯವರ ಕಣ್ಣಿಗೆ ಕೋಣೆ ಹೊಳೆಯಬೇಕಲ್ಲ? ಕಪಾಟು ಒರೆಸಿದ. ಮೇಜು ಒರೆಸಿದ. ಆಮೇಲೆ ನಕ್ಷೆ ಅಂಟಿಸಿದ್ದ ಹಲಗೆಯನ್ನು ಮೊಳೆಯಿಂದ ಇಳಿಸಿ, ಬೋರಲು ಹಾಕಿ, ಅದರ ಬೆನ್ನಿಗೆ ನಾಲ್ಕು ಗುದ್ದು ಗುದ್ದಿದ. ಆರು ತಿಂಗಳು ಚುಚ್ಚಿಸಿಕೊಂಡು ಜರಡಿಯಾಗಿದ್ದ ಹಲಗೆ ಅದು. ಧೂಳಿಗಿಂತ ಮೊದಲು ಸೈನ್ಯ ಉದುರಿತು.

ನಮ್ಮ ಕಡೆಯ ಕೆಂಪು ಇಪ್ಪತ್ತೆರಡು, ಶತ್ರುವಿನ ನೀಲಿ ಇಪ್ಪತ್ತು, ಮತ್ತೆ ಒಂದು ಹಳದಿ. ಆ ಹಳದಿ ಅವನ ಭಾಮೈದನಿದ್ದ ತುಕಡಿ. ಊರಿನಿಂದ ಸೈನ್ಯಕ್ಕೆ ಹೋದವನು ಅವನೊಬ್ಬನೇ. ದಿನಾ ತಮ್ಮನನ್ನು ನೋಡಿದ ಸಮಾಧಾನವಾಗಲಿ ಎಂದು ಗುಂಡುಸೂಜಿಯ ಹೆಂಡತಿಯೇ ಆ ಬಣ್ಣ ಆರಿಸಿದ್ದಳು.

ಗುಂಡುಸೂಜಿ ನೆಲದ ಮೇಲೆ ಕೂತು ಸೂಜಿಗಳನ್ನು ಆರಿಸಿಕೊಂಡು ನಕ್ಷೆಯತ್ತ ನೋಡಿದ. ಎಲ್ಲಿ ನೋಡಿದರೂ ತೂತು. ಯಾವ ತೂತು ನಿನ್ನೆಯದು, ಯಾವುದು ಚಳಿಗಾಲದ್ದು ಎಂದು ಬ್ರಹ್ಮನೇ ಹೇಳಬೇಕು. ಪತ್ರಿಕೆ ತೆರೆದ. ನಲವತ್ತು ದಿನಗಳಿಂದ ಅಚ್ಚಾಗುತ್ತಿದ್ದ ವಾಕ್ಯವೇ ಅಂದೂ ಅಚ್ಚಾಗಿತ್ತು: 'ಪರಿಸ್ಥಿತಿ ಯೋಜನೆಯಂತೆಯೇ ಸಾಗಿದೆ.' ಬಾಗಿಲು ತೆರೆಯಲು ಐದು ನಿಮಿಷವಿತ್ತು. ದೇವರ ಮೇಲೆ ಭಾರ ಹಾಕಿ, ಕಣ್ಣಿಗೆ ಅಂದವಾಗಿ ಕಾಣುವ ಹಾಗೆ ಅಲ್ಲಲ್ಲಿ ಚುಚ್ಚುತ್ತ ಹೋದ. ಕೈಯಲ್ಲಿ ಹಳದಿಯೊಂದೇ ಉಳಿದಿದ್ದಾಗ ಬಾಗಿಲು ದಬದಬ ಬಡಿದ ಸದ್ದಾಯಿತು. ಅದನ್ನು ಸಿಕ್ಕಲ್ಲಿ ಚುಚ್ಚಿ, ಹಲಗೆಯನ್ನು ಮೊಳೆಗೆ ನೇತುಹಾಕಿ, ಓಡಿಹೋಗಿ ಚಿಲಕ ತೆಗೆದ.

ಊರು ಆಗ ಎರಡಾಗಿತ್ತು. ನಮ್ಮ ದಂಡನಾಯಕರ ತಂತ್ರ ಬಹಳ ಸರಳ: ನದಿಯ ಈಚೆ ದಡದಲ್ಲಿ ಕೂತು ಕಾಯುವುದು, ಶತ್ರು ತಾನಾಗಿ ಸುಸ್ತಾಗಲಿ ಎಂದು. ಈ ತಂತ್ರ ಗೆಲ್ಲುತ್ತಿದೆ ಎನ್ನುವವರು ಕಾಯುವವರು. ಸೋಲುತ್ತಿದೆ, ಈಗಿಂದೀಗಲೇ ನದಿ ದಾಟಬೇಕು ಎನ್ನುವವರು ನುಗ್ಗುವವರು. ಕಾಯುವವರಿಗೆ ನಿವೃತ್ತ ಹೆಡ್ಮಾಸ್ಟರು ಮುಖಂಡರು. ಅವರು ಜನ್ಮದಲ್ಲಿ ಯಾರ ಮಾತು ಮುಗಿಯುವವರೆಗೂ ಕಾದವರಲ್ಲ. ನುಗ್ಗುವವರಿಗೆ ಔಷಧಿ ಅಂಗಡಿಯವರು. ಅವರು ರಸ್ತೆ ದಾಟಬೇಕಾದರೂ ಎರಡೂ ಕಡೆ ಮೂರು ಮೂರು ಸಲ ನೋಡುವವರು. ಏಳು ಜನರ ಸಮಿತಿಯಲ್ಲಿ ಇವರ ಕಡೆ ಮೂರು, ಅವರ ಕಡೆ ಮೂರು. ಏಳನೆಯವರು ಅಧ್ಯಕ್ಷಮ್ಮ, ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ನಡೆಸಿದ ನರ್ಸಮ್ಮ.

ಗುಂಡುಸೂಜಿಗೆ ಎಲ್ಲರ ಕೈಯೂ ಬೇಕಿತ್ತು. ಆದ್ದರಿಂದ ಆರು ತಿಂಗಳಿನಿಂದ ಹೆಡ್ಮಾಸ್ಟರು ಸಿಕ್ಕರೆ "ತಾಳಿದವನು ಬಾಳಿಯಾನು ಸಾರ್" ಎನ್ನುತ್ತಿದ್ದ. ಔಷಧಿ ಅಂಗಡಿಯವರು ಸಿಕ್ಕರೆ "ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಣ್ಣಾ" ಎನ್ನುತ್ತಿದ್ದ. ಗಾದೆಗಳು ಇರುವುದೇ ಇಂಥ ಬಡವರಿಗಾಗಿ.

ಮೊದಲು ಒಳಗೆ ಬಂದವರು ಹೆಡ್ಮಾಸ್ಟರು. ನಕ್ಷೆಯ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನೋ ಇದು! ನಮ್ಮವರು ನದಿ ದಾಟಿಬಿಟ್ಟಿದ್ದಾರಲ್ಲೋ!"

ಗುಂಡುಸೂಜಿ ತಿರುಗಿ ನೋಡಿದ. ಹೌದು, ಆರು ಕೆಂಪು ತಲೆಗಳು ನದಿಯಾಚೆ ಬೀಡು ಬಿಟ್ಟಿದ್ದವು. ನದಿಯ ಗೆರೆ ಅವನಿಗೆ ನೆನಪೇ ಆಗಿರಲಿಲ್ಲ.

"ಅದು ಸಾರ್... ಪೇಪರಿನಲ್ಲಿ ಹಾಗೇನೂ..."

"ಪೇಪರಿನವರಿಗೆ ಎಲ್ಲಾ ಬರೆಯೋಕೆ ಬಿಡ್ತಾರೇನೋ? ನಿನ್ನ ಭಾಮೈದ ಕಾಗದ ಬರೆದಿದ್ದಾನೆ ಅನ್ನು. ಬಾಯಿ ಬಿಡಬೇಡ, ನನಗೆ ಅರ್ಥವಾಯ್ತು." ಭಾಮೈದನ ಕಾಗದದಲ್ಲಿ ಕಾಲುಚೀಲ ಕಳಿಸಿ, ಹಲ್ಲುನೋವು ಕಡಿಮೆಯಾಗಿದೆ ಎಂಬುದರ ಹೊರತು ಇನ್ನೇನೂ ಇರುತ್ತಿರಲಿಲ್ಲ. "ಕಾದದ್ದಕ್ಕೆ ಫಲ ಸಿಕ್ತು ನೋಡು! ಶತ್ರು ಸುಸ್ತಾದ, ನಮ್ಮವರು ಎದ್ದರು. ಸಂಜೆ ನಮ್ಮ ಮೂರು ಕೈ ನಿನ್ನ ಕಡೆಗೆ, ಹೋಗು!"

ಮೂರು ಕೈ! ಗುಂಡುಸೂಜಿ ತೆರೆದ ಬಾಯಿಯನ್ನು ಮುಚ್ಚಿಕೊಂಡ. ಸತ್ಯ ಹೇಳಲು ಅವನಿಗೆ ಸಿಕ್ಕ ಅತ್ಯುತ್ತಮ ಅವಕಾಶ ಹೀಗೆ ಬೆಳಿಗ್ಗೆ ಒಂಬತ್ತು ಗಂಟೆ ಎರಡು ನಿಮಿಷಕ್ಕೇ ಮುಗಿದುಹೋಯಿತು.

ಅಷ್ಟರಲ್ಲಿ ಔಷಧಿ ಅಂಗಡಿಯವರು ಬಂದರು. ನೋಡಿದರು. ಕುಣಿಯುವುದೊಂದು ಬಾಕಿ.

"ದಾಟಿದ್ರಾ! ಅಂದ್ರೆ ಕಾಯೋ ತಂತ್ರಾನ ಕಸದ ಬುಟ್ಟಿಗೆ ಹಾಕಿದ್ರು ಅಂತಾಯ್ತು. ನಾನು ಬಾಯಿ ಬಡ್ಕೊಂಡಿದ್ದೇ ಆಯ್ತಲ್ಲ ಮೇಷ್ಟ್ರೇ!"

"ಕಾದಿದ್ದಕ್ಕೇ ದಾಟೋಕಾಗಿದ್ದು ಸ್ವಾಮಿ!"

"ದಾಟಿದ್ದಕ್ಕೇ ಕಾಯೋದು ತಪ್ಪಿದ್ದು ಸ್ವಾಮಿ!"

ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಬೀದಿ ತುಂಬಿ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ ಕತ್ತರಿ ಹಿಡಿದುಕೊಂಡೇ ಬಂದಿದ್ದ. ಹೆಡ್ಮಾಸ್ಟರು ಛತ್ರಿಯ ತುದಿಯಿಂದ ನಕ್ಷೆ ತೋರಿಸಿ ಪಾಠ ಮಾಡಿದರು. ಆದರೆ ಔಷಧಿ ಅಂಗಡಿಯವರ ಕಣ್ಣು ಸಣ್ಣ ಅಕ್ಷರದ ಚೀಟಿ ಓದಿ ಪಳಗಿದ ಕಣ್ಣು. ನದಿಯಾಚೆಯ ಆರು ಕೆಂಪು ಸೂಜಿಗಳ ಹಿಂದೆ ಎರಡು ನೀಲಿ ಇರುವುದನ್ನು ಅದು ಹಿಡಿದುಬಿಟ್ಟಿತು.

"ಬೆನ್ನ ಹಿಂದೆ ಶತ್ರು ಕೂತಿದ್ದಾನಲ್ರೀ! ಆರು ತಿಂಗಳು ತಡ ಮಾಡಿ ದಾಟಿದ್ರೆ ಇನ್ನೇನಾಗುತ್ತೆ? ಬೋನಿಗೆ ಬಿದ್ದ ಇಲಿ!"

ಗುಂಪು ಗುಜುಗುಜು ಅಂದಿತು. ಹೆಡ್ಮಾಸ್ಟರು ಗುಂಡುಸೂಜಿಯನ್ನು ಕಪಾಟಿನ ಹಿಂದಕ್ಕೆ ಎಳೆದೊಯ್ದರು. "ಬೆಂಬಲಕ್ಕೆ ಒಂದು ಪಡೆ ಇದ್ದೇ ಇರುತ್ತಪ್ಪಾ. ಚುಚ್ಚೋಕೆ ಮರೆತೆಯಾ? ಸಂಜೆ ನೆನಪಿರಲಿ." ಗುಂಡುಸೂಜಿ ಹೋಗಿ ಒಂದು ಕೆಂಪನ್ನು ಅತ್ತ ಸರಿಸಿದ. ಐದು ನಿಮಿಷಕ್ಕೆ ಔಷಧಿ ಅಂಗಡಿಯವರು ಅದೇ ಕಪಾಟಿನ ಹಿಂದೆ ಅವನ ಭುಜಕ್ಕೆ ಕೈ ಹಾಕಿದರು. "ತಮ್ಮಾ, ನನ್ನ ಕಡೆ ಮೂರು ಕೈ ಇವೆ. ಸುಳ್ಳು ಹೇಳು ಅಂತಿಲ್ಲ. ಆ ಎಡಗಡೆ ನೀಲಿ ಇನ್ನೊಂಚೂರು ಹತ್ತಿರ ಇರಬೇಕಲ್ವಾ, ಯೋಚನೆ ಮಾಡು." ಯೋಚಿಸಿದ. ನೀಲಿಯೂ ಸರಿಯಿತು. ಮಧ್ಯಾಹ್ನದವರೆಗೂ ಅವನು ಕಪಾಟಿಗೂ ನಕ್ಷೆಗೂ ನಡುವೆ ಮಗ್ಗದ ಲಾಳಿಯ ಹಾಗೆ ಓಡಾಡಿದ. ಎರಡೂ ಕಡೆಯ ದಂಡನಾಯಕರು ಆರು ತಿಂಗಳಲ್ಲಿ ನಡೆಸದಷ್ಟು ಕಾರ್ಯಾಚರಣೆಗಳನ್ನು ಊಟಕ್ಕೆ ಮೊದಲೇ ಮುಗಿಸಿದ್ದ.

ಒಂದು ಗಂಟೆಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ದಿನದ ರೂಢಿಯಂತೆ ನೇರ ನಕ್ಷೆಯ ಹತ್ತಿರ ಹೋಗಿ ಹಳದಿಯನ್ನು ಹುಡುಕಿದಳು. ನದಿಯ ಈಚೆ ಇಲ್ಲ, ಆಚೆಯೂ ಇಲ್ಲ. ಕೊನೆಗೆ ಬಲತುದಿಯ ನೀಲಿ ಬಣ್ಣದ ನಟ್ಟನಡುವೆ, ದಡದಿಂದ ಒಂದು ಗೇಣು ದೂರದಲ್ಲಿ ಕಂಡಿತು.

"ಅಯ್ಯೋ! ಸಮುದ್ರದಲ್ಲಿದ್ದಾನಲ್ರೀ!" ಎಂದು ಚೀರಿದಳು. "ಅವನಿಗೆ ಈಜು ಬರಲ್ಲ!"

ಇಡೀ ಕೋಣೆ ನಕ್ಷೆಯತ್ತ ಬಗ್ಗಿತು.

"ಅಳಬೇಡಮ್ಮಾ, ಹಡಗಿನಲ್ಲಿರ್ತಾನೆ," ಎಂದರು ಹೆಡ್ಮಾಸ್ಟರು. "ಸಮುದ್ರದ ಕಡೆಯಿಂದ ಸುತ್ತಿ ಹಿಡಿಯೋ ಉಪಾಯ. ನಾನು ಊಹಿಸಿದ್ದೆ."

"ಹಡಗೂ ಇಲ್ಲ, ಹರಿಗೋಲೂ ಇಲ್ಲ!" ಎಂದರು ಔಷಧಿ ಅಂಗಡಿಯವರು. "ಹಿಂದಕ್ಕೆ ತಳ್ಳಿ ತಳ್ಳಿ ನೀರಿಗೆ ಇಳಿಸಿದ್ದಾರೆ. ತಂಗೀ, ಇದೇ ನೋಡು ಇವರ ತಂತ್ರ!"

"ನೀವಿಬ್ರೂ ಸ್ವಲ್ಪ ಬಾಯಿ ಮುಚ್ತೀರಾ?" ಎಂದಳು ಅವಳು. ಕಣ್ಣೊರೆಸಿಕೊಂಡು, ಸರಕ್ಕನೆ ಹಳದಿಯನ್ನು ಕಿತ್ತು, ನದಿಯಿಂದ ಬಹುದೂರ, ರೈಲುಹಾದಿಯ ಪಕ್ಕದ ಒಂದು ಸಣ್ಣ ಊರಿಗೆ ಚುಚ್ಚಿದಳು. "ಅವನು ಇಲ್ಲಿರಲಿ. ಸ್ಟೇಷನ್ ಹತ್ತಿರ. ಬೇಕಾದವರು ಕಾಯಿರಿ, ಬೇಕಾದವರು ನುಗ್ಗಿರಿ. ನನ್ನ ತಮ್ಮ ಎಲ್ಲಿಗೂ ಬರಲ್ಲ!"

ಯುದ್ಧ ಶುರುವಾದಂದಿನಿಂದ ಆ ಕೋಣೆಯಲ್ಲಿ ಕೇಳಿದ ಮೊದಲ ಬುದ್ಧಿಯ ಮಾತು ಅದು. ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಸೂಜಿಯನ್ನು ನೋಡುತ್ತಿದ್ದರು.

"ಇದು ಹಿಮ್ಮೆಟ್ಟೋದಲ್ವಾ?" ಎಂದ ದರ್ಜಿ.

"ಕಾದು ಕಾದು ಕೊನೆಗೆ ಓಡಿಬಂದ್ರು!"

"ಓಡಿಬಂದಿದ್ದಲ್ಲ ಅದು, ಶತ್ರೂನ ಒಳಗೆ ಎಳ್ಕೊಳ್ಳೋದು!"

"ಎಲ್ಲಿವರೆಗೆ ಎಳ್ಕೋತೀರಿ ಮೇಷ್ಟ್ರೇ, ನಮ್ಮನೆ ಅಡುಗೆಮನೆವರೆಗಾ?"

ಛತ್ರಿ ಮೇಲೆದ್ದಿತು. ದರ್ಜಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ಸರಿದ. ಗುಂಡುಸೂಜಿಯ ಊಟದ ಡಬ್ಬಿ ತೆರೆಯಲೇ ಇಲ್ಲ.

ಐದಕ್ಕೆ ಸರಿಯಾಗಿ ಅಧ್ಯಕ್ಷಮ್ಮ ಹೆಣಿಗೆಯ ಚೀಲದೊಂದಿಗೆ ಬಂದು ಕೂತಾಗ ಸಮಿತಿಯ ಆರು ಜನರೂ ಕೆಂಪಗಾಗಿದ್ದರು. ತಮ್ಮನ ಚಿಂತೆಯಲ್ಲಿ ಮನೆಗೆ ಹೋಗಲಾರದೆ ಹೆಂಡತಿ ಕಿಟಕಿಯ ಬಳಿ ಕೂತಿದ್ದಳು.

"ಗದ್ದಲ ಸಾಕು. ಇದೇನು ಜ್ವರದ ವಾರ್ಡಾ?" ಎಂದರು ಅಧ್ಯಕ್ಷಮ್ಮ. "ಇವನ ವಿಷಯ ಹೇಳಿ."

"ಮೊದಲು ಇವನೇ ಹೇಳ್ಲಿ," ಎಂದರು ಹೆಡ್ಮಾಸ್ಟರು. "ತಂತ್ರ ಗೆಲ್ತಾ ಇದೆಯೋ ಇಲ್ವೋ?"

"ಹೂಂ, ಹೇಳಪ್ಪಾ. ಎಲ್ಲರ ಮುಂದೆ ಹೇಳು," ಎಂದರು ಔಷಧಿ ಅಂಗಡಿಯವರು.

ಆರು ತಿಂಗಳಿನಿಂದ ಈ ಪ್ರಶ್ನೆಗೆ ಅವನು ಒಬ್ಬೊಬ್ಬರಿಗೇ ಉತ್ತರಿಸಿದ್ದ. ಇಬ್ಬರೂ ಒಟ್ಟಿಗೆ ಕೇಳಿದ್ದು ಇದೇ ಮೊದಲು. ಹೌದು ಎಂದರೆ ಮೂರು ಕೈ ಹೋಯಿತು, ಇಲ್ಲ ಎಂದರೆ ಇನ್ನೊಂದು ಮೂರು. ಅತ್ತ ದರಿ, ಇತ್ತ ಪುಲಿ. ಬೇರೆ ದಾರಿ ಕಾಣದೆ ಸತ್ಯ ಹೇಳಿಬಿಟ್ಟ.

"ನನಗೇನೂ ಗೊತ್ತಿಲ್ಲ ಸಾರ್. ಬೆಳಿಗ್ಗೆ ಧೂಳು ಕೊಡವೋವಾಗ ಎಲ್ಲಾ ಸೂಜಿ ಬಿದ್ದುಹೋದ್ವು. ಚೆಂದ ಕಾಣೋ ಹಾಗೆ ಚುಚ್ಚಿದೆ."

ಹೆಡ್ಮಾಸ್ಟರು ಔಷಧಿ ಅಂಗಡಿಯವರತ್ತ ಬೆರಳು ಮಾಡಿದರು. "ಇದನ್ನ ಹೇಳು ಅಂತ ಹೇಳಿಕೊಟ್ಟಿದ್ದು ನೀವು!"

"ನಾನಾ? ನಿಮ್ಮ ಗೆಲುವಿನ ಸುಳ್ಳು ಹೊರಬೀಳುತ್ತೆ ಅಂತ ಹೆದರಿ ಹೇಳಿಕೊಟ್ಟಿದ್ದು ನೀವು!"

ಆದರೆ ಒಂದು ವಿಷಯದಲ್ಲಿ ಎರಡೂ ಪಕ್ಷಕ್ಕೆ ಒಮ್ಮತವಿತ್ತು: ಇಂಥವನನ್ನು ನಂಬುವಂತಿಲ್ಲ. ಅಧ್ಯಕ್ಷಮ್ಮ ಹೆಣಿಗೆ ಕೆಳಗಿಟ್ಟರು. "ಹಾಗಾದ್ರೆ ಇವನನ್ನ ಕಾಯಂ ಮಾಡೋದು ಬೇಡ ಅನ್ನೋರು..."

ಆರು ಕೈಗಳು ಮೇಲೇಳುತ್ತಿದ್ದವು. ಅಷ್ಟರಲ್ಲಿ ಕಪಾಟಿನ ಮೇಲಿದ್ದ ರೇಡಿಯೋ ಸಂಜೆಯ ವಾರ್ತೆಯನ್ನು ಗಂಟಲು ಸರಿಮಾಡಿಕೊಂಡು ಶುರುಮಾಡಿತು. ಯುದ್ಧ ನಿಂತಿದೆ. ಎರಡೂ ದೇಶಗಳು ಸಹಿ ಹಾಕಿವೆ. ಎರಡೂ ಸೈನ್ಯಗಳು ಯುದ್ಧಕ್ಕೆ ಮೊದಲು ಎಲ್ಲಿದ್ದವೋ ಅಲ್ಲಿಗೇ ಮರಳತಕ್ಕದ್ದು. ದೂರದೂರಿನ ಯೋಧರನ್ನು ವಾರದೊಳಗೆ ಮನೆಗೆ ಕಳಿಸಲಾಗುವುದು.

ಮೇಲೆದ್ದ ಕೈಗಳು ಗಾಳಿಯಲ್ಲೇ ನಿಂತವು. ಮರುಕ್ಷಣ ಹೆಡ್ಮಾಸ್ಟರೂ ಔಷಧಿ ಅಂಗಡಿಯವರೂ ಹಳೆಯ ಗೆಳೆಯರಂತೆ ಅಪ್ಪಿಕೊಂಡಿದ್ದರು. ಬೀದಿಯಲ್ಲಿ ಯಾರೋ ತಟ್ಟೆ ಬಡಿದರು, ಯಾರೋ ಸಿಳ್ಳೆ ಹೊಡೆದರು. ಕಿಟಕಿಯ ಬಳಿ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ನೋಡಿದ್ರಾ, ಕಾದಿದ್ದಕ್ಕೆ ಒಂದಿಂಚೂ ಹೋಗಲಿಲ್ಲ!" ಎಂದರು ಹೆಡ್ಮಾಸ್ಟರು, ಅಪ್ಪುಗೆ ಸಡಿಲಿಸದೆಯೇ.

"ಕಾದಿದ್ದಕ್ಕೆ ಒಂದಿಂಚೂ ಸಿಗಲಿಲ್ಲ ಅನ್ನಿ!" ಎಂದರು ಔಷಧಿ ಅಂಗಡಿಯವರು, ಅವರ ಬೆನ್ನು ತಟ್ಟುತ್ತ.

"ಕೂತ್ಕೊಳ್ಳಿ, ಸಭೆ ಮುಗಿದಿಲ್ಲ," ಎಂದು ಅಧ್ಯಕ್ಷಮ್ಮ ಮೇಜು ಕುಟ್ಟಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ಇಂಥಾ ದಿನ ಇಲ್ಲ ಅನ್ನೋ ನಿರ್ಣಯ ಬರೆಯೋಕೆ ನನಗೆ ಇಷ್ಟ ಇಲ್ಲ. ವಾಚನಾಲಯದ ಸಹಾಯಕನ ಹುದ್ದೆ ಇವತ್ತಿನಿಂದ ಕಾಯಂ."

ಹನ್ನೊಂದು ವರ್ಷ! ಗುಂಡುಸೂಜಿ ಹೆಂಡತಿಯತ್ತ ನೋಡಿದ.

"ತುಂಬಾ ಸರಿ," ಎಂದರು ಹೆಡ್ಮಾಸ್ಟರು ಭಾವಾವೇಶದಿಂದ. "ಮತ್ತೆ ಆ ಹುದ್ದೆ, ಯುದ್ಧದಿಂದ ಮರಳಿ ಬರ್ತಾ ಇರೋ ನಮ್ಮೂರಿನ ಯೋಧನಿಗೆ!"

"ನನ್ನ ಪೂರ್ತಿ ಒಪ್ಪಿಗೆ!" ಎಂದು ಔಷಧಿ ಅಂಗಡಿಯವರು ಗುಡುಗಿದರು. ಆರು ತಿಂಗಳಲ್ಲಿ ಅವರು ಹೆಡ್ಮಾಸ್ಟರ ಮಾತನ್ನು ಒಪ್ಪಿದ್ದು ಇದೇ ಮೊದಲು.

"ಹುಡುಗ ಕೆಲಸಕ್ಕೆ ಹೊಸಬ," ಎಂದು ಅಧ್ಯಕ್ಷಮ್ಮ ಬರೆದುಕೊಳ್ಳುತ್ತ ಹೋದರು. "ಕಲಿಸಿಕೊಡೋಕೆ ಇವನನ್ನ ತಾತ್ಕಾಲಿಕವಾಗಿ ಮುಂದುವರಿಸೋಣ. ಒಪ್ಪುವವರು ಕೈ ಎತ್ತಿ."

ಹೆಂಡತಿ ಜನರನ್ನು ಸರಿಸಿಕೊಂಡು ಓಡಿಬಂದು ಅವನ ತೋಳು ಹಿಡಿದಳು. "ಕೇಳಿದ್ರಾ! ಬರ್ತಾನೆ, ಅದೂ ಕೆಲಸ ಕಾಯಂ ಆಗಿ ಬರ್ತಾನೆ! ಇನ್ನು ಅವನು ಯಾವ ಗಡಿಗೂ ಹೋಗಬೇಕಾಗಿಲ್ಲ ಅಲ್ವೇನ್ರೀ?" ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ತುಂಬ ನಗು. ಕಾಯಂ ಆದ ಸುದ್ದಿ ಹೇಳಿದ ದಿನ ಅವಳ ಮುಖ ಹೇಗಿರಬಹುದೆಂದು ಗುಂಡುಸೂಜಿ ಹನ್ನೊಂದು ವರ್ಷಗಳಿಂದ ಮನಸ್ಸಿನಲ್ಲಿ ಚಿತ್ರ ಬರೆದುಕೊಂಡಿದ್ದ. ಸರಿಯಾಗಿ ಹೀಗೇ ಇತ್ತು ಆ ಚಿತ್ರ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮೇಜಿನ ಸುತ್ತ ಆರು ಕೈಗಳು ಎದ್ದಿದ್ದವು. ಅವನಿಗೂ ತಡೆಯಲಾಗಲಿಲ್ಲ. ತಾನೂ ಕೈ ಎತ್ತಿದ.

ಅಧ್ಯಕ್ಷಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ನೀನು ಕೈ ಇಳಿಸಪ್ಪಾ. ತಾತ್ಕಾಲಿಕದವರಿಗೆ ಮತ ಇಲ್ಲ."